ಬಸ್ಸಿಗೂ ಬಸ್ಸಿನ ಚಾಲಕನಿಗೂ ಜಗಳ ಹಚ್ಚುವ ಬಜೆಟ್ಟು

ಮ್ಯಾಸಚೂಸೆಟ್ಸ್‌ನಲ್ಲಿ ಬಜೆಟ್ಟಿನ ಹಂಗಾಮು ಆರು ತಿಂಗಳದ್ದು. ಜನವರಿಯಲ್ಲಿ ಗವರ್ನರ್ ತಮ್ಮ ಕರಡನ್ನು ಮಂಡಿಸುತ್ತಾರೆ, ಏಪ್ರಿಲ್‌ನಲ್ಲಿ ಕೆಳಮನೆಯದು ಬರುತ್ತದೆ, ಮೇ ತಿಂಗಳಲ್ಲಿ ಸೆನೆಟ್ಟಿನದು, ಜುಲೈ ಒಂದಕ್ಕೆ ಹೊಸ ಆರ್ಥಿಕ ವರ್ಷ. (ಜುಲೈ ಒಂದರೊಳಗೆ ಎಲ್ಲವೂ ಮುಗಿದದ್ದು ಅಪರೂಪ, ಆ ಮಾತು ಬೇರೆ.) ಈ ಆರು ತಿಂಗಳೂ ಶಾಸಕರ ಬಾಯಲ್ಲಿ, ಸಂಪಾದಕೀಯಗಳಲ್ಲಿ, ಕಡೆಗೆ ನಮ್ಮ ಕನ್ನಡ ಕೂಟಗಳ ಊಟದ ಸಾಲಿನಲ್ಲೂ ಒಂದೇ ದೂರು ಸುತ್ತುತ್ತಿರುತ್ತದೆ: ಸರ್ಕಾರಿ ನೌಕರರ ಆರೋಗ್ಯ ವಿಮೆ ಬೊಕ್ಕಸವನ್ನು ತಿಂದುಹಾಕುತ್ತಿದೆ, ಅದಕ್ಕೇ ರೈಲಿಗೂ ಬಸ್ಸಿಗೂ ದುಡ್ಡು ಉಳಿಯುತ್ತಿಲ್ಲ. ಇದನ್ನು ಹೇಳುವವರ ದನಿಯಲ್ಲಿ ಗಣಿತದ ಖಚಿತತೆ ಇರುತ್ತದೆ. ಹಾಗಾದರೆ ಗಣಿತವನ್ನೇ ನೋಡೋಣ.

ಮೊದಲು ಈ ವಿಮೆ ಯಾರದು? ಗ್ರೂಪ್ ಇನ್ಶೂರೆನ್ಸ್ ಕಮಿಷನ್ ಎಂಬ ಸಂಸ್ಥೆಯನ್ನು ರಾಜ್ಯವು 1955ರಲ್ಲಿ ಸ್ಥಾಪಿಸಿತು. ಇಂದು ಅದರ ನೆರಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ: ಹೆದ್ದಾರಿಯ ಹಿಮ ತೆಗೆಯುವವರು, ರಾಜ್ಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುವವರು, ಸೆರೆಮನೆಯ ಕಾವಲುಗಾರರು, ನಿಮ್ಮ ವಾಹನ ಪರವಾನಗಿಯನ್ನು ನವೀಕರಿಸಿಕೊಡುವ ಗುಮಾಸ್ತೆ, ಇವರ ಹೆಂಡತಿ ಮಕ್ಕಳು ಗಂಡಂದಿರು, ನಿವೃತ್ತರು. ಇವರಿಗೆ ವಿಮೆ ಪುಕ್ಕಟೆಯಾಗಿ ಸಿಗುತ್ತದೆಂದು ತಿಳಿದವರು ಬಹಳ. ಸಿಗುವುದಿಲ್ಲ. 2003ರ ಜುಲೈಗೆ ಮುಂಚೆ ಕೆಲಸಕ್ಕೆ ಸೇರಿದ ನೌಕರ ಕಂತಿನ ಶೇಕಡ 20ನ್ನು ತಾನೇ ಕಟ್ಟುತ್ತಾನೆ, ಅನಂತರ ಸೇರಿದವನು ಶೇಕಡ 25ನ್ನು.

ಈ 20, 25 ಎಲ್ಲಿಂದ ಬಂದವು ಎಂಬುದರಲ್ಲೇ ಕಥೆಯಿದೆ. 2009ರವರೆಗೆ ಅವು 15 ಮತ್ತು 20 ಆಗಿದ್ದವು. ವಾಲ್ ಸ್ಟ್ರೀಟಿನ ಬ್ಯಾಂಕುಗಳು ಹಿಂದಿನ ವರ್ಷ ಮುಗ್ಗರಿಸಿ ಇಡೀ ದೇಶವನ್ನು ತಮ್ಮೊಡನೆ ಕೆಡವಿದ್ದವು, ರಾಜ್ಯದ ಆದಾಯ ಕುಸಿದಿತ್ತು. ಆ ಬೇಸಿಗೆಯ ಬಜೆಟ್ಟಿನಲ್ಲಿ ನೌಕರರ ಪಾಲು ಏರಿತು. ಮಾರಾಟ ತೆರಿಗೆ ಶೇಕಡ 5ರಿಂದ 6.25ಕ್ಕೆ ಏರಿತು. ಎಂದರೆ ಹಿಮ ತೆಗೆಯುವವನು ಒಂದು ಸಲ ಸಂಬಳದ ಚೀಟಿಯಲ್ಲಿ, ಇನ್ನೊಂದು ಸಲ ಅಂಗಡಿಯ ಗಲ್ಲಾದ ಮುಂದೆ, ಬ್ಯಾಂಕುಗಳ ಜೂಜಿಗೆ ದಂಡ ತೆತ್ತ. ಅದೇ ಬೇಸಿಗೆಯಲ್ಲಿ ಗವರ್ನರ್ ಡೆವಾಲ್ ಪ್ಯಾಟ್ರಿಕ್ ಸಾರಿಗೆ ಸುಧಾರಣೆಯ ಕಾಯ್ದೆಗೆ ಸಹಿ ಹಾಕಿದರು. ಬಾಸ್ಟನ್‌ನವರು ಬಾಯಿಮಾತಿನಲ್ಲಿ 'ಟಿ' ಎಂದು ಕರೆಯುವ ಎಂಬಿಟಿಎಯ ಕಾರ್ಮಿಕರಿಗೆ ಅಲ್ಲಿಯವರೆಗೆ ತಮ್ಮದೇ ಒಪ್ಪಂದದ ವಿಮೆ ಇತ್ತು. ಆ ಕಾಯ್ದೆ ಅವರನ್ನೂ ಕಮಿಷನ್ನಿನ ವಿಮೆಗೆ ಸೇರಿಸಿತು, ಸಾರಿಗೆಗೆ ಹಣ ಉಳಿತಾಯವಾಗುತ್ತದೆ ಎಂಬ ಕಾರಣ ಕೊಟ್ಟು.

ಅಂದಿನಿಂದ ನೌಕರರ ವಿಮೆ ಮತ್ತು ಸಾರಿಗೆ ಎಂಬ ಎರಡು ಬಾಬತ್ತುಗಳು ಒಬ್ಬನೇ ಮನುಷ್ಯನ ಮೈಮೇಲೆ ಕೂತಿವೆ. ಬಸ್ ಓಡಿಸುವವನ ಔಷಧದ ಖರ್ಚನ್ನು ಕಡಿತಗೊಳಿಸಿ ಬಸ್ಸಿಗೆ ಹಣ ಹೊಂದಿಸುತ್ತೇವೆ ಎನ್ನುವುದು ಎತ್ತಿನ ಮೇವನ್ನು ಮಾರಿ ನೇಗಿಲು ಕೊಂಡಂತೆ.

ಹಾಗಾದರೆ ಟಿ ಸಾಲದಲ್ಲಿ ಮುಳುಗಿದ್ದು ಯಾವ ಚಾಲಕನ ಯಾವ ಕಾಯಿಲೆಯಿಂದ? 2000ದಲ್ಲಿ ರಾಜ್ಯವು ಟಿಗೆ, 'ಇನ್ನು ಮುಂದೆ ನಿನ್ನ ಸಂಸಾರ ನೀನೇ ನೋಡಿಕೊ' ಎಂದಿತು. ಮಾರಾಟ ತೆರಿಗೆಯ ಐದು ಸೆಂಟಿನಲ್ಲಿ ಒಂದನ್ನು ಅದರ ಕೈಗಿಟ್ಟು, ಮೂರು ಬಿಲಿಯನ್ ಡಾಲರಿಗೂ ಮಿಕ್ಕ ಸಾಲವನ್ನು ಅದರ ತಲೆಗೆ ಕಟ್ಟಿತು. ಆ ಸಾಲದ ದೊಡ್ಡ ಭಾಗದ ಮೂಲ ಎಲ್ಲಿತ್ತು? ಬಾಸ್ಟನ್ನಿನ ಅಡಿಯಲ್ಲಿ ಕಾರುಗಳಿಗಾಗಿ ಸುರಂಗ ತೋಡಿದ, 14 ಬಿಲಿಯನ್ ಡಾಲರಿಗೂ ಹೆಚ್ಚು ನುಂಗಿದ 'ಬಿಗ್ ಡಿಗ್' ಯೋಜನೆಯಲ್ಲಿ. ಹೆದ್ದಾರಿ ಹೆಚ್ಚಿಸುವ ಹೊಗೆಗೆ ಪರಿಹಾರವಾಗಿ ಸಾರ್ವಜನಿಕ ಸಾರಿಗೆಯನ್ನು ವಿಸ್ತರಿಸುತ್ತೇವೆಂದು ರಾಜ್ಯ ಒಪ್ಪಿಕೊಂಡಿತ್ತು. ಆ ವಿಸ್ತರಣೆಯ ಸಾಲವನ್ನು ಹೆದ್ದಾರಿಯ ಖಾತೆಗೆ ಬರೆಯದೆ ರೈಲಿನ ಖಾತೆಗೆ ಬರೆದರು. ಕಾರಿನವನ ಋಣವನ್ನು ರೈಲಿನವನು ತೀರಿಸಬೇಕಾಯಿತು. ಮಾರಾಟ ತೆರಿಗೆ ಅಂದಾಜಿನಂತೆ ಬೆಳೆಯಲೂ ಇಲ್ಲ. ಬಡ್ಡಿ ಕಟ್ಟುತ್ತ ಕಟ್ಟುತ್ತ ಹಳಿಗಳ ದುರಸ್ತಿ ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು.

2015ರ ಹಿಮಪಾತದಲ್ಲಿ ಟಿ ದಿನಗಟ್ಟಲೆ ನಿಂತೇಹೋಯಿತು. ನಮ್ಮಲ್ಲಿ ಹಲವರು ಆ ಫೆಬ್ರವರಿಯನ್ನು ಮರೆತಿರಲಾರರು. ಆಗ ಗವರ್ನರ್ ಚಾರ್ಲಿ ಬೇಕರ್ ನೇಮಿಸಿದ ಸಮಿತಿಯ ಕಣ್ಣಿಗೆ ದಪ್ಪಕ್ಷರದಲ್ಲಿ ಕಂಡದ್ದು ಕಾರ್ಮಿಕರ ಗೈರುಹಾಜರಿ. ಖಾಸಗೀಕರಣಕ್ಕೆ ಕಡಿವಾಣ ಹಾಕಿದ್ದ 1993ರ ಕಾನೂನಿನಿಂದ ಟಿಗೆ ಮೂರು ವರ್ಷ ವಿನಾಯಿತಿ ಸಿಕ್ಕಿತು. ಪ್ರಯಾಣದರದ ಹಣ ಎಣಿಸುವ ಕೆಲಸವನ್ನೇ ಖಾಸಗಿ ಕಂಪನಿಗೆ ಕೊಟ್ಟರು. ಏಳು ವರ್ಷಗಳ ಮೇಲೆ, 2022ರಲ್ಲಿ, ಫೆಡರಲ್ ಸಾರಿಗೆ ಇಲಾಖೆಯ ತಪಾಸಕರು ಬಂದು ನೋಡಿದಾಗ ಕಂಡದ್ದೇನು? ರೈಲು ಸಂಚಾರ ನಿಯಂತ್ರಿಸುವ ಕೊಠಡಿಯಲ್ಲಿ ಜನ ಸಾಲದೆ ಕೆಲವರು 16 ಗಂಟೆ, 20 ಗಂಟೆಯ ಪಾಳಿ ಮಾಡುತ್ತಿದ್ದರು. ಆ ಜೂನ್‌ನಲ್ಲಿ ಜನರ ಕೊರತೆಯಿಂದ ವಾರದ ದಿನಗಳಲ್ಲೂ ಶನಿವಾರದ ವೇಳಾಪಟ್ಟಿಯೇ ಓಡಿತು. ಜುಲೈನಲ್ಲಿ ಮಿಸ್ಟಿಕ್ ನದಿಯ ಸೇತುವೆಯ ಮೇಲೆ ಆರೆಂಜ್ ಲೈನ್ ರೈಲಿಗೆ ಬೆಂಕಿ ಹತ್ತಿ ಪ್ರಯಾಣಿಕರು ಕಿಟಕಿಗಳಿಂದ ಇಳಿದರು, ಒಬ್ಬರು ನದಿಗೇ ಹಾರಿದರು. ಆಗಸ್ಟ್‌ನಲ್ಲಿ ಆ ಮಾರ್ಗವನ್ನು ಮೂವತ್ತು ದಿನ ಪೂರ್ತಿ ಮುಚ್ಚಿದರು. ಕಾರ್ಮಿಕರ ಮೇಲಿನ ಖರ್ಚನ್ನು ದುಂದು ಎಂದು ಕರೆದ ಏಳು ವರ್ಷಗಳ ಫಸಲು ಇದು.

ಚಿತ್ರ ಬದಲಾದದ್ದು ಹೇಗೆ ಎಂಬುದನ್ನು ಯಾವ ಕೂಟದ ಊಟದ ಸಾಲಿನಲ್ಲೂ ನಾನು ಕೇಳಿಲ್ಲ. 2023ರ ಆಗಸ್ಟ್‌ನಲ್ಲಿ ಟಿ ಮತ್ತು ಕಾರ್ಮಿಕ ಸಂಘವಾದ ಲೋಕಲ್ 589ರ ನಡುವೆ ಹೊಸ ಒಪ್ಪಂದವಾಯಿತು. ನಾಲ್ಕು ವರ್ಷಗಳಲ್ಲಿ ಶೇಕಡ 18ರ ವೇತನ ಏರಿಕೆ. ಬಸ್ ಚಾಲಕರ ಆರಂಭದ ಕೂಲಿ ಗಂಟೆಗೆ ಸುಮಾರು 22 ಡಾಲರಿನಿಂದ 30ಕ್ಕೆ ಏರಿತು. ವರ್ಷಗಟ್ಟಲೆ ಬೋರ್ಡು ಹಾಕಿದರೂ ಬಾರದ ಜನ ಅರ್ಜಿ ಹಿಡಿದು ಬಂದರು. ಕಡಿತಗೊಂಡಿದ್ದ ಬಸ್ಸುಗಳು ಮರಳಿದವು. ಹಳಿಗಳ ಮೇಲೆ ಜನ ಇಳಿದು ದುಡಿದರು. ಒಂದು ಹಂತದಲ್ಲಿ ಸುಮಾರು ಕಾಲು ಭಾಗದ ಹಳಿಯ ಮೇಲಿದ್ದ ನಿಧಾನಗತಿಯ ನಿರ್ಬಂಧಗಳನ್ನು 2024ರ ಅಂತ್ಯದೊಳಗೆ ತೆಗೆದುಹಾಕಿದರು.

ಇನ್ನು ವಿಮೆಯ ಖರ್ಚು ಏರುತ್ತಿರುವುದು ಸುಳ್ಳೇ? ಅಲ್ಲ. 2025ರಲ್ಲಿ ಕಮಿಷನ್ನಿನ ಹಣ ವರ್ಷ ಮುಗಿಯುವ ಮೊದಲೇ ಖಾಲಿಯಾಗಿ, ಆಸ್ಪತ್ರೆಗಳ ಬಿಲ್ಲು ಕಟ್ಟಲು ಶಾಸನಸಭೆ ಸುಮಾರು 240 ಮಿಲಿಯನ್ ಡಾಲರನ್ನು ಪೂರಕ ಅನುದಾನವಾಗಿ ಕೊಡಬೇಕಾಯಿತು. ಆದರೆ ಏರಿದ್ದು ಯಾವುದು? ಆಸ್ಪತ್ರೆಗಳ ದರ, ಔಷಧಗಳ ದರ, ಅದರಲ್ಲೂ ತೂಕ ಇಳಿಸುವ ಹೊಸ ಔಷಧಗಳದ್ದು. ಗುಮಾಸ್ತೆ ಇದ್ದಕ್ಕಿದ್ದಂತೆ ಹೆಚ್ಚು ಕಾಯಿಲೆ ಬೀಳಲು ತೊಡಗಿದಳೇ? 2010ರಷ್ಟು ಹಿಂದೆಯೇ ಈ ರಾಜ್ಯದ ಅಟಾರ್ನಿ ಜನರಲ್ ಕಚೇರಿ ತನಿಖೆ ನಡೆಸಿ ಹೇಳಿತ್ತು: ಒಂದೇ ಚಿಕಿತ್ಸೆಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ದರ ವಿಪರೀತ ಬೇರೆಬೇರೆ; ಈ ವ್ಯತ್ಯಾಸಕ್ಕೂ ಚಿಕಿತ್ಸೆಯ ಗುಣಮಟ್ಟಕ್ಕೂ ಸಂಬಂಧವಿಲ್ಲ, ಸಂಬಂಧವಿರುವುದು ಆಸ್ಪತ್ರೆಯ ಮಾರುಕಟ್ಟೆ ಬಲಕ್ಕೆ. 1994ರಲ್ಲಿ ಬಾಸ್ಟನ್ನಿನ ಎರಡು ಪ್ರತಿಷ್ಠಿತ ಆಸ್ಪತ್ರೆಗಳು ಕೂಡಿಕೊಂಡು ಕಟ್ಟಿದ, ಈಗ ಮಾಸ್ ಜನರಲ್ ಬ್ರಿಗಮ್ ಎಂಬ ಹೆಸರಿನ ಜಾಲದ ಖರ್ಚಿನ ಬೆಳವಣಿಗೆ ಎಷ್ಟಾಯಿತೆಂದರೆ, 2022ರಲ್ಲಿ ರಾಜ್ಯದ ಆರೋಗ್ಯ ನೀತಿ ಆಯೋಗ ಅದಕ್ಕೆ ಸುಧಾರಣಾ ಯೋಜನೆ ಸಲ್ಲಿಸುವಂತೆ ಆದೇಶಿಸಬೇಕಾಯಿತು. ಅಂಥ ಆದೇಶ ಅದೇ ಮೊದಲು.

ರೋಗ ಇಲ್ಲಿದೆ ಎಂದು ಗೊತ್ತಿದ್ದೂ ಶಾಸಕರು ಕತ್ತರಿ ಆಡಿಸಿದ್ದು ಬೇರೆಡೆ. 2011ರಲ್ಲಿ ವಿಸ್ಕಾನ್ಸಿನ್ನಿನ ರಿಪಬ್ಲಿಕನ್ ಗವರ್ನರ್ ಸ್ಕಾಟ್ ವಾಕರ್ ಸರ್ಕಾರಿ ನೌಕರರ ಸಾಮೂಹಿಕ ಚೌಕಾಸಿಯ ಹಕ್ಕನ್ನು ಮುರಿದಾಗ ನಾವೆಲ್ಲ ಕೆಂಡಾಮಂಡಲವಾಗಿದ್ದೆವು. ಅದೇ ವರ್ಷ, ಡೆಮೊಕ್ರಾಟರೇ ತುಂಬಿ ತುಳುಕುವ ನಮ್ಮ ಶಾಸನಸಭೆ ನಗರ, ಪಟ್ಟಣಗಳ ನೌಕರರ ವಿಮೆಯ ಸ್ವರೂಪವನ್ನು ಪೂರ್ಣ ಚೌಕಾಸಿಯಿಲ್ಲದೆ ಬದಲಿಸಲು ಪುರಸಭೆಗಳಿಗೆ ಅಧಿಕಾರ ಕೊಟ್ಟಿತು: ಮೂವತ್ತು ದಿನ ಮಾತುಕತೆ, ಅದು ಮುರಿದರೆ ಮೂವರ ಸಮಿತಿ. ವಾಕರ್ ಮಾಡಿದ್ದಕ್ಕೆ ಹೋಲಿಸಿದರೆ ಇದು ಮೃದು, ನಿಜ. ಚೂರಿಯ ಅಳತೆ ಚಿಕ್ಕದು. 2018ರ ಜನವರಿಯಲ್ಲಿ ಕಮಿಷನ್ ಮೂರು ವಿಮಾ ಕಂಪನಿಗಳನ್ನು ಒಂದೇ ಸಭೆಯಲ್ಲಿ ಕೈಬಿಟ್ಟು, ಲಕ್ಷಾಂತರ ಜನ ತಮ್ಮ ಯೋಜನೆ ಬದಲಿಸಬೇಕಾದ ಸ್ಥಿತಿ ತಂದಿತು. ಆಗ ನಡೆದದ್ದನ್ನು ನೆನಪಿಡಬೇಕು: ನಿವೃತ್ತ ಶಿಕ್ಷಕಿಯರು, ಕಾರ್ಮಿಕ ಸಂಘಗಳವರು ಸಭೆಗಳಿಗೆ ನುಗ್ಗಿದರು, ಶಾಸಕರ ಫೋನುಗಳು ಬಿಡುವಿಲ್ಲದೆ ರಿಂಗಾದವು. ಎರಡೇ ವಾರದಲ್ಲಿ ಕಮಿಷನ್ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು.

ಹಣ ಇಲ್ಲವೆಂಬ ಮಾತಿಗೆ ಬರುತ್ತೇನೆ. 2022ರ ನವೆಂಬರಿನಲ್ಲಿ ಈ ರಾಜ್ಯದ ಮತದಾರರು, ಅಲ್ಪ ಬಹುಮತದಿಂದಲೇ ಸರಿ, ಸಂವಿಧಾನ ತಿದ್ದುಪಡಿಯೊಂದನ್ನು ಗೆಲ್ಲಿಸಿದರು. ವರ್ಷಕ್ಕೆ ಒಂದು ಮಿಲಿಯನ್ ಡಾಲರಿನ ಮೇಲಿನ ಆದಾಯಕ್ಕೆ ಹೆಚ್ಚುವರಿಯಾಗಿ ಶೇಕಡ 4ರ ತೆರಿಗೆ. ಅದು ಶಿಕ್ಷಣಕ್ಕೆ ಮತ್ತು ಸಾರಿಗೆಗೆ ಮೀಸಲು. ಶ್ರೀಮಂತರು ನ್ಯೂ ಹ್ಯಾಂಪ್‌ಶೈರಿಗೆ ಓಡಿಹೋಗುತ್ತಾರೆ, ಫ್ಲೋರಿಡಾಕ್ಕೆ ಹಾರುತ್ತಾರೆ ಎಂದು ಹೆದರಿಸಿದವರೆಷ್ಟು! ಮೊದಲ ಪೂರ್ಣ ವರ್ಷಕ್ಕೆ ಒಂದು ಬಿಲಿಯನ್ ಡಾಲರಿನ ಲೆಕ್ಕ ಇಟ್ಟುಕೊಂಡಿದ್ದರು. ಬಂದದ್ದು ಎರಡು ಬಿಲಿಯನ್ನಿಗೂ ಹೆಚ್ಚು. ಅದರ ಬಲದಿಂದಲೇ 2025ರಲ್ಲಿ ಟಿಗೆ ಐನೂರು ಮಿಲಿಯನ್ನಿಗೂ ಮಿಕ್ಕಿ ಒಂದೇ ಗಂಟಿನಲ್ಲಿ ಕೊಡಲು ಸಾಧ್ಯವಾಯಿತು.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಆ ತೆರಿಗೆಯ ಹಣ ನೌಕರರ ವಿಮೆಗೆ ಹೋಗುವಂತಿಲ್ಲ. ವಿಮೆ ನಡೆಯಬೇಕಾದದ್ದು ಸಾಮಾನ್ಯ ನಿಧಿಯಿಂದ. ಆದರೆ 2023ರ ಶರತ್ಕಾಲದಲ್ಲಿ, ಮಿಲಿಯನೇರುಗಳ ತೆರಿಗೆ ಗೆದ್ದು ವರ್ಷ ತುಂಬುವ ಮೊದಲೇ, ಇದೇ ಶಾಸನಸಭೆ ಅಲ್ಪಾವಧಿ ಬಂಡವಾಳ ಲಾಭದ ತೆರಿಗೆಯನ್ನು ಶೇಕಡ 12ರಿಂದ 8.5ಕ್ಕೆ ಇಳಿಸಿತು, ಎರಡು ಮಿಲಿಯನ್ ಡಾಲರಿನವರೆಗಿನ ಆಸ್ತಿಗೆ ಉತ್ತರಾಧಿಕಾರದ ತೆರಿಗೆಯನ್ನು ಮನ್ನಾ ಮಾಡಿತು. ಅದೇ ಕಾಯ್ದೆಯಲ್ಲಿ ಬಾಡಿಗೆದಾರರಿಗೂ ಮಕ್ಕಳಿರುವವರಿಗೂ ಕೆಲವು ಒಳ್ಳೆಯ ರಿಯಾಯಿತಿಗಳಿದ್ದವು, ಅವು ಬೇಕಾದವೇ. ಷೇರು ಮಾರಿ ವರ್ಷದೊಳಗೆ ಲಾಭ ಎಣಿಸುವವನಿಗೆ ಕೊಟ್ಟದ್ದು ಯಾವ ಬಾಡಿಗೆದಾರನಿಗಾಗಿ? ಒಂದು ಕೈಯಿಂದ ಮೀಸಲು ನಿಧಿಗೆ ತುಂಬಿಸಿ, ಇನ್ನೊಂದು ಕೈಯಿಂದ ಸಾಮಾನ್ಯ ನಿಧಿಯ ತಳಕ್ಕೆ ತೂತು ಕೊರೆದು, ಆಮೇಲೆ 'ನೋಡಿ, ವಿಮೆಗೆ ದುಡ್ಡಿಲ್ಲ' ಎಂದು ಕೈ ತಿರುವುವುದು ಕೊರತೆಯನ್ನು ತಯಾರಿಸುವ ವಿದ್ಯೆ.

ಇದರಲ್ಲಿ ನಮಗೇನು ಎಂದು ಕೇಳುವ ಕನ್ನಡಿಗರಿಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಬಹುಪಾಲು ಜನರಿಗೆ ಕಂಪನಿಯ ವಿಮೆ. ಆ ಕಂತಿನಲ್ಲಿ ಕಂಪನಿ ಕಟ್ಟುವ ಪಾಲಿಗೆ ಆದಾಯ ತೆರಿಗೆಯಿಲ್ಲ. ಫ್ರೇಮಿಂಗ್‌ಹ್ಯಾಮ್, ಆಶ್‌ಲ್ಯಾಂಡ್, ವೆಸ್ಟ್‌ಬರೋಗಳಿಂದ ಬಾಸ್ಟನ್ನಿಗೆ ಓಡುವ ಕಮ್ಯೂಟರ್ ರೈಲಿನ ಪಾಸನ್ನು ತೆರಿಗೆಗೆ ಮುಂಚಿನ ಸಂಬಳದಲ್ಲಿ ಕೊಳ್ಳುತ್ತೇವೆ. ಆ ರೈಲು ಓಡುವ ಖರ್ಚು ಟಿಕೆಟ್ಟಿನಿಂದ ಹುಟ್ಟುವುದಿಲ್ಲ. ಸರ್ಕಾರದ ಈ ಕೊಡುಗೆಗಳನ್ನು ನಾವು 'ಬೆನಿಫಿಟ್ಸ್' ಎನ್ನುತ್ತೇವೆ. ಅದೇ ರೈಲಿನಲ್ಲಿ ಕೂತು, 2023ರ ಜೂನ್ 11ರಂದು ಕರ್ನಾಟಕದಲ್ಲಿ ಶುರುವಾದ ಶಕ್ತಿ ಯೋಜನೆಯನ್ನು, ಹೂ ಮಾರುವ ಹೆಂಗಸು ಟಿಕೆಟ್ಟಿಲ್ಲದೆ ಬಸ್ಸು ಹತ್ತುವುದನ್ನು, 'ಬಿಟ್ಟಿ ಭಾಗ್ಯ' ಎಂದು ವಾಟ್ಸಾಪಿನಲ್ಲಿ ಗೇಲಿ ಮಾಡುತ್ತೇವೆ. ವೂಸ್ಟರ್ ನಗರದ ಬಸ್ಸುಗಳು 2020ರಿಂದ ಎಲ್ಲರಿಗೂ ಉಚಿತ ಎಂಬುದು ಆ ಗುಂಪುಗಳಲ್ಲಿ ಎಷ್ಟು ಜನರಿಗೆ ಗೊತ್ತು?

ಶಕ್ತಿಯನ್ನು ಬೆಂಬಲಿಸುವ ನನ್ನಂಥವರಿಗೂ ಇಲ್ಲೊಂದು ಪ್ರಶ್ನೆಯಿದೆ. ಅಲ್ಲಿಯ ಸಾರಿಗೆ ನೌಕರರು ಸರ್ಕಾರಿ ನೌಕರರ ಸಮಾನ ವೇತನ ಕೇಳಿ 2021ರ ಏಪ್ರಿಲ್‌ನಲ್ಲಿ ಮುಷ್ಕರ ಹೂಡಿದಾಗ ವಜಾ, ಅಮಾನತುಗಳ ಮಳೆಯಾಯಿತು. ಆಗ ಇದ್ದದ್ದು ಬಿಜೆಪಿ ಸರ್ಕಾರ. 38 ತಿಂಗಳ ವೇತನ ಬಾಕಿಗಾಗಿ 2025ರ ಆಗಸ್ಟ್ 5ರಂದು ಮತ್ತೆ ಬಸ್ಸು ನಿಲ್ಲಿಸಿದರು. ಈಗ ಇರುವುದು ಕಾಂಗ್ರೆಸ್ ಸರ್ಕಾರ. ನಿಗಮದ ನೌಕರರಿಗೆ ನಗದುರಹಿತ ಚಿಕಿತ್ಸೆಯ 'ಕೆಎಸ್‌ಆರ್‌ಟಿಸಿ ಆರೋಗ್ಯ' ಬಂದದ್ದು 2025ರ ಜನವರಿಯಲ್ಲಷ್ಟೇ. ಅದೇ ತಿಂಗಳು ಪ್ರಯಾಣದರವೂ ಶೇಕಡ 15ರಷ್ಟು ಏರಿತು. ಉಚಿತ ಪ್ರಯಾಣದ ಕೀರ್ತಿ ಸರ್ಕಾರಕ್ಕೆ, ಬಾಕಿಯ ಭಾರ ನಿರ್ವಾಹಕನಿಗೆ ಎಂಬ ಹಂಚಿಕೆಯನ್ನು ಪ್ರಗತಿಪರರು ಒಪ್ಪಬೇಕಿಲ್ಲ. ಬೀಕನ್ ಹಿಲ್ಲಿನಲ್ಲಿ ತಪ್ಪೆಂದು ಹೇಳುವುದನ್ನು ವಿಧಾನಸೌಧದ ಮುಂದೆಯೂ ಹೇಳಬೇಕು.

ಮುಂದಿನ ಹಂಗಾಮಿಗೆ ನನ್ನ ಬೇಡಿಕೆ ಮೂರೇ. ನೌಕರರ ಪಾಲು ಶೇಕಡ 25ನ್ನು ದಾಟಬಾರದು, ಕಡಿಮೆ ಸಂಬಳದವರಿಗೆ ಅದು ಇಳಿಯಬೇಕು. ಕಮಿಷನ್ ಆಸ್ಪತ್ರೆಗಳಿಗೆ ಕೊಡುವ ದರಕ್ಕೆ ಕಾನೂನಿನ ಮಿತಿ ಬೇಕು. ನಾಲ್ಕು ಲಕ್ಷ ಜನರ ಪರವಾಗಿ ಚೌಕಾಸಿ ಮಾಡುವ ಸಂಸ್ಥೆ ಆಸ್ಪತ್ರೆಯ ಬಿಲ್ಲಿಗೆ ತಲೆಬಾಗಿ ಸಹಿ ಹಾಕಬೇಕಿಲ್ಲ. ಬಂಡವಾಳ ಲಾಭದ ತೆರಿಗೆ ಹಿಂದಿನ ದರಕ್ಕೆ ಮರಳಬೇಕು, ನಮ್ಮಲ್ಲನೇಕರ ಕಂಪನಿ ಷೇರುಗಳ ಲಾಭಕ್ಕೂ ಅದು ತಾಕುತ್ತದೆ ಎಂಬ ಅರಿವಿನೊಡನೆಯೇ ಇದನ್ನು ಹೇಳುತ್ತಿದ್ದೇನೆ. ಪೌರತ್ವವಿಲ್ಲ, ವೀಸಾದಲ್ಲಿದ್ದೇವೆ, ನಮ್ಮ ಮಾತಿಗೆ ಯಾರು ಬೆಲೆ ಕೊಡುತ್ತಾರೆ ಎನ್ನುವ ಸ್ನೇಹಿತರಿಗೆ: ಕಮಿಷನ್ನಿನ ಸಾರ್ವಜನಿಕ ಅಹವಾಲು ಸಭೆಯಲ್ಲಿ ಹೆಸರು ಮತ್ತು ಊರು ಹೇಳಿದರೆ ಸಾಕು, ಮಾತಾಡಬಹುದು. ಶಾಸಕರಿಗೆ ಕಾಗದ ಬರೆಯಲು ಮತದಾರರ ಗುರುತಿನ ಚೀಟಿ ಬೇಕಿಲ್ಲ.