ನಮ್ಮ ತಂತಿ, ಅವರ ಸಾಗಾಟ

ಗಿರಣಿಯಲ್ಲಿ ದುಡಿಯುವ ತಂದೆ ಮಗಳ ಓದಿಗೆಂದು ಕಂತಿನ ಮೇಲೆ ಕಂಪ್ಯೂಟರ್ ಕೊಂಡಿದ್ದಾನೆ. ಕಿರಾಣಿ ವ್ಯಾಪಾರಿ ಬಿಲ್ಲು ಬರೆಯಲು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದನ್ನು ಇಟ್ಟಿದ್ದಾನೆ. ಇಂಟರ್‌ನೆಟ್ಟಿನ ಹಣವನ್ನು ತಿಂಗಳು ತಿಂಗಳೂ ಕಟ್ಟುವವರು ಇವರೇ. ಆದರೆ ಆ ತಂತಿಯ ಮೇಲೆ ಯಾರ ಸರಕು ಸಾಗಬೇಕೆಂದು ಇವರನ್ನು ಯಾರಾದರೂ ಕೇಳಿದರೇ?

ಪರದೆಯ ಮೇಲೆ ಕಾಣದೆ ಒಳಗೊಳಗೇ ನಡೆಯುವ ಹತ್ತಾರು ಕೆಲಸಗಳು ವಿಂಡೋಸಿನಲ್ಲಿವೆ. ಅವಕ್ಕೆ ಸರ್ವಿಸ್ ಎಂದು ಹೆಸರು. ಡೆಲಿವರಿ ಆಪ್ಟಿಮೈಸೇಷನ್ ಎಂಬುದು ಅವುಗಳಲ್ಲೊಂದು. ಮೈಕ್ರೋಸಾಫ್ಟ್ ಕಂಪನಿ 2015ರ ಜುಲೈ 29ರಂದು ವಿಂಡೋಸ್ 10 ಹೊರತಂದಾಗ ಇದು ಮೊದಲೇ ಚಾಲೂ ಆಗಿ ಬಂತು. ಕಂಪನಿಯ ಅಪ್‌ಡೇಟು ನಿಮ್ಮ ಯಂತ್ರಕ್ಕೆ ಇಳಿದ ಮೇಲೆ ಅದರ ತುಣುಕುಗಳನ್ನು ಕೂಡಿಟ್ಟುಕೊಂಡು, ಗುರುತು ಪರಿಚಯವಿಲ್ಲದವರ ಯಂತ್ರಗಳಿಗೆ ನಿಮ್ಮ ತಂತಿಯಿಂದಲೇ ಕಳಿಸುವುದು ಇದರ ಕೆಲಸ. ಸರಕು ಕಂಪನಿಯದು, ಗಾಡಿ ನಮ್ಮದು, ಬಾಡಿಗೆ ಸೊನ್ನೆ. ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಬಿಟ್ಟಿ ಚಾಕರಿ ಎನ್ನುತ್ತಾರೆ.

ಇನ್ನೊಂದು ಮಾತನ್ನು ಓದುಗರು ಗಮನಿಸಬೇಕು. ದೊಡ್ಡ ಸಂಸ್ಥೆಗಳು ಕೊಳ್ಳುವ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಈ ಹಂಚಿಕೆ ಆ ಸಂಸ್ಥೆಯ ಸ್ವಂತ ಜಾಲದೊಳಗೇ ನಿಲ್ಲುವಂತೆ ಇಡಲಾಗಿತ್ತು. ಮನೆಯವರೂ ಸಣ್ಣ ಅಂಗಡಿಯವರೂ ಬಳಸುವ ಹೋಮ್ ಮತ್ತು ಪ್ರೊ ಆವೃತ್ತಿಗಳಲ್ಲಿ ಮಾತ್ರ ಬಾಗಿಲು ಇಡೀ ಇಂಟರ್‌ನೆಟ್ಟಿಗೇ ತೆರೆದಿತ್ತು! ಧಣಿಯ ಅಂಗಳಕ್ಕೆ ಬೇಲಿ, ಬಡವನ ಅಂಗಳ ಹಾದಿ. ಈ ಭೇದ ಏಕೆಂದು ನಾವು ಕೇಳುತ್ತೇವೆ.

ಹಂಚಿಕೊಳ್ಳುವುದಕ್ಕೆ ನಾವು ವಿರೋಧಿಗಳೇ? ಅಲ್ಲವೇ ಅಲ್ಲ. ಒಂದೇ ಅಂಗಡಿಯ ಎರಡು ಯಂತ್ರಗಳು ಒಂದು ಅಪ್‌ಡೇಟನ್ನು ತಮ್ಮೊಳಗೆ ಹಂಚಿಕೊಂಡರೆ ಹಣ ಉಳಿಯುತ್ತದೆ, ಅದು ಒಳ್ಳೆಯದೇ. ಒಪ್ಪಿ ಕೊಟ್ಟರೆ ಸಹಕಾರ, ಕೇಳದೆ ಕೊಂಡೊಯ್ದರೆ ಬಿಟ್ಟಿ. ನಿಮ್ಮ ಲೆಕ್ಕಪತ್ರಗಳನ್ನು ಈ ಸರ್ವಿಸ್ ಹೊರಗೆ ಕಳಿಸುತ್ತದೆಂದು ನಾವು ಹೇಳುತ್ತಿಲ್ಲ. ಸುಳ್ಳು ಹೇಳಿ ಹೆದರಿಸುವುದು ನಮ್ಮ ರೀತಿಯಲ್ಲ.

ನಿಮ್ಮ ಯಂತ್ರದಲ್ಲಿ ಇಂದು ಹೇಗಿದೆಯೋ ನೀವೇ ತೆರೆದು ನೋಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ಡೆಲಿವರಿ ಆಪ್ಟಿಮೈಸೇಷನ್. ಬೇರೆ ಯಂತ್ರಗಳಿಂದ ಇಳಿಸಿಕೊಳ್ಳಲು ಅನುಮತಿ ಎಂಬ ಗುಂಡಿಯನ್ನು ಆರಿಸಿ, ಇಲ್ಲವೇ ಸ್ಥಳೀಯ ಜಾಲಕ್ಕೆ ಮಾತ್ರ ಎಂದು ಇಡಿ. ಅಲ್ಲೇ ಆಕ್ಟಿವಿಟಿ ಮಾನಿಟರ್ ಎಂಬುದಿದೆ, ಈ ತಿಂಗಳು ನಿಮ್ಮ ತಂತಿಯಿಂದ ಹೊರಗೆ ಹೋದದ್ದು ಎಷ್ಟೆಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ಮೊಬೈಲಿನ ಹಾಟ್‌ಸ್ಪಾಟಿನಿಂದ ಕೆಲಸ ನಡೆಸುವವರು ಆ ಸಂಪರ್ಕವನ್ನು ಮೀಟರ್ಡ್ ಎಂದು ಗುರುತು ಮಾಡಿದರೆ ಈ ಸಾಗಾಟ ನಿಲ್ಲುತ್ತದೆ.

ಆದರೆ ಸಿಟ್ಟಿನಲ್ಲಿ ವಿಂಡೋಸ್ ಅಪ್‌ಡೇಟ್ ಸರ್ವಿಸನ್ನೇ ಡಿಸೇಬಲ್ ಮಾಡಿ ಕೂತ ಮಿತ್ರರನ್ನು ನಾವು ಬಲ್ಲೆವು. ಅದು ಮಹಾ ತಪ್ಪು. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ಹಬ್ಬಿ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳಿಸಬೇಕಾಯಿತು. ಅದು ನುಗ್ಗಿದ್ದು ಕಡತ ಹಂಚಿಕೆಯ ಹಳೆಯ ಸರ್ವಿಸಿನ ಬಿರುಕಿನಿಂದ. ಆ ಬಿರುಕು ಮುಚ್ಚುವ ಅಪ್‌ಡೇಟು ಮಾರ್ಚ್ 14ಕ್ಕೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಈ ಸೆಟ್ಟಿಂಗನ್ನು ಹುಡುಕಿ ತೆಗೆಯುವ ಪಾಡು ನಮಗೇಕೆ? ಬಾಗಿಲು ಮುಚ್ಚಿಯೇ ಯಂತ್ರ ಕೊಡಲಿ, ತೆರೆಯಬೇಕಾದರೆ ನಮ್ಮನ್ನು ನಮ್ಮ ಕನ್ನಡದಲ್ಲಿ ಕೇಳಲಿ.