ಹೆಬ್ಬೆಟ್ಟು ಕೇಳುವ ಗಡಿಯಾರ



ನಮ್ಮ ಅಜ್ಜಂದಿರು ಧಣಿಯ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜೀತಕ್ಕೆ ಹೋದರು. ಪತ್ರದಲ್ಲಿ ಏನಿದೆ ಅಂತ ಯಾರೂ ಓದಿ ಹೇಳಲಿಲ್ಲ. 1976ರಲ್ಲಿ ಜೀತ ರದ್ದತಿ ಕಾನೂನು ಬಂತು. ಈಗ ಅವರ ಮೊಮ್ಮಕ್ಕಳು ಪೊರಕೆ ಹಿಡಿಯುವ ಮುಂಚೆ ಒಂದು ಪೆಟ್ಟಿಗೆಯ ಗಾಜಿಗೆ ಹೆಬ್ಬೆಟ್ಟು ಒತ್ತಬೇಕು. ಏಕಲವ್ಯನ ಕಾಲದಿಂದ್ಲೂ ಇವರಿಗೆ ನಮ್ಮ ಹೆಬ್ಬೆಟ್ಟೇ ಯಾಕೆ ಬೇಕೋ!

ಇದು ಹೊಸ ಜಗಳವಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ಆದಿ ದ್ರಾವಿಡರು, ನಮ್ಮವರು. 1930ರಲ್ಲಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆಯಲು ಕಂಪನಿ ಹೊರಟಾಗ ಅವರು ಕೆಲಸ ನಿಲ್ಲಿಸಿಬಿಟ್ಟರು. ಮೂರು ವಾರ ಗಣಿ ಸ್ತಬ್ಧ. ಅಕ್ಷರ ಬಾರದ ಜನಕ್ಕೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ಬೆರಳಚ್ಚು ಕೇಳೋದು ಕಳ್ಳರ ಹತ್ತಿರ.

2017ರ ಸುಮಾರಿಗೆ ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆ ಪೌರಕಾರ್ಮಿಕರಿಗೆ ಬಯೋಮೆಟ್ರಿಕ್ ಹಾಜರಿ ತಂದಿತು. ಗುತ್ತಿಗೆದಾರರು ಇಲ್ಲದವರ ಹೆಸರು ಬರೆದು ದುಡ್ಡು ನುಂಗುತ್ತಾರೆ, ಅದನ್ನು ತಡೀಬೇಕು ಅನ್ನೋದು ಕೊಟ್ಟ ಕಾರಣ. ಸರಿ. ನುಂಗಿದವರು ಯಾರು, ದಿನಾ ಬೆಳಿಗ್ಗೆ ಸಾಲುಗಟ್ಟಿ ಸಾಚಾತನ ತೋರಿಸಬೇಕಾದವರು ಯಾರು?

ಆ ಕೈಗಳನ್ನು ಒಮ್ಮೆ ನೋಡಿ. ಹಸಿ ಕಸ, ಬ್ಲೀಚಿಂಗ್ ಪುಡಿ, ಪೊರಕೆ ಹಿಡಿ ಸೇರಿ ಬೆರಳಿನ ಗೆರೆಯನ್ನೇ ಸವೆಸಿರುತ್ತವೆ. ಕೆಲಸ ಮಾಡಿದ ಕೈಯನ್ನೇ ಯಂತ್ರ ಗುರುತಿಸೋದಿಲ್ಲ. ಆ ಹೆಂಗಸು ಸೆರಗಿಗೆ ಬೆರಳು ಒರೆಸಿ, ಮತ್ತೆ ಒತ್ತಿ, ಮತ್ತೆ ಒರೆಸಿ ನಿಂತಿರುತ್ತಾಳೆ. ಕೊನೆಗೆ ಗೈರುಹಾಜರಿ. ಇಡೀ ಬೀದಿ ಗುಡಿಸಿರುತ್ತಾಳೆ, ಬೀದಿ ಸಾಕ್ಷಿ ಹೇಳಲ್ಲ.

2018ರ ಜುಲೈಯಲ್ಲಿ, ತಿಂಗಳುಗಟ್ಟಲೆ ಸಂಬಳ ಬಾರದೆ, ಅದೇ ನಗರದಲ್ಲಿ ಒಬ್ಬ ಪೌರಕಾರ್ಮಿಕ ಪ್ರಾಣ ಕಳಕೊಂಡ. ಹತ್ತು ನಿಮಿಷ ತಡವಾದ ಕೂಲಿಯವನನ್ನು ಹಿಡಿಯೋ ಗಡಿಯಾರಕ್ಕೆ, ತಿಂಗಳುಗಟ್ಟಲೆ ತಡವಾದ ಸಂಬಳ ಕಾಣಲ್ಲ. ಉದ್ಯೋಗ ಖಾತರಿ ಕೆಲಸದಲ್ಲೂ ಇದೇ ಕಥೆ. 2023ರ ಜನವರಿ 1ರಿಂದ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೋ ಹಿಡಿದು ಹಾಜರಿ ಹಾಕೋದು ಎಲ್ಲ ಕಡೆ ಕಡ್ಡಾಯವಾಯಿತು. ಗುಂಡಿ ತೋಡಿ ಮುಗಿಸಿದವರು ಸಿಗ್ನಲ್ಲಿಗಾಗಿ ಬಿಸಿಲಲ್ಲಿ ಕಾಯಬೇಕಾಯಿತು.

ಹಾಗಾದ್ರೆ ಯಂತ್ರ ಒಡೆದು ಹಾಕೋಣ ಅಂತಾರೆ ಕೆಲವು ಗೆಳೆಯರು. ಅವರ ಸಿಟ್ಟು ನನಗೂ ಇದೆ, ಆದರೆ ಒಪ್ಪಲ್ಲ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಅವರು ತಂದ ತಿದ್ದುಪಡಿಯಿಂದ 1946ರಲ್ಲಿ ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಗಡಿಯಾರವಿಲ್ಲದೆ ಆ 48ನ್ನು ಎಣಿಸೋದು ಹೇಗೆ? ಜೀತದಾಳಿಗೆ ಗಡಿಯಾರ ಇರಲಿಲ್ಲ. ಕೋಳಿ ಕೂಗಿದಾಗ ಶುರು, ಧಣಿ ಸಾಕು ಅಂದಾಗ ಮುಗಿತು. ಆ ಕಾಲ ನಮಗೆ ಬೇಡ.

ನಮ್ಮ ತಕರಾರು ಇರೋದು ಆ ಲೆಕ್ಕ ಯಾರ ಕೈಲಿದೆ ಅನ್ನೋದರಲ್ಲಿ. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಬರೆದ ಚೀಟಿ ದಿನಾ ಕಾರ್ಮಿಕರ ಕೈಗೆ ಬರಲಿ. ಹೆಚ್ಚಿಗೆ ಗೇದ ಗಂಟೆಗೂ ಕೂಲಿ ಕೊಡಲಿ. ಯಂತ್ರ ಕೈಕೊಟ್ಟ ದಿನ ಮೇಸ್ತ್ರಿ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ.

ಅದು ಬರೋ ತನಕ ಪ್ರತಿ ಕೇರಿಯಲ್ಲೂ ಓದು ಬಲ್ಲ ಹುಡುಗ ಹುಡುಗಿಯರು ಒಂದು ನಲವತ್ತು ಪುಟದ ನೋಟ್‌ಬುಕ್ ಇಡಿ. ಅಕ್ಕಂದಿರು ಕೆಲಸದಿಂದ ಬಂದ ಕೂಡಲೇ ತಾರೀಖು, ಹೊತ್ತು, ಯಂತ್ರ ಹೆಬ್ಬೆಟ್ಟು ಒಪ್ಪಿತೋ ಇಲ್ಲವೋ ಕೇಳಿ ಬರೆದಿಡಿ. ಸಂಬಳದ ದಿನ ಎಲ್ಲರೂ ಆ ಪುಸ್ತಕ ಹಿಡಿದು ಕಚೇರಿಗೆ ಹೋಗೋಣ.