ಅಣಬೆಯ ಹೆಸರು, ಡಬ್ಬಿಯ ಸತ್ವ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ತೆಂಗು ಬೆಳೆಗಾರರಿಗೆ ಅಣಬೆ ರೋಗವನ್ನು ಪರಿಚಯಿಸಬೇಕಾಗಿಲ್ಲ. ಮರದ ಬುಡದಿಂದ ಕೆಂಗಂದು ರಸ ಒಸರುತ್ತದೆ, ಗರಿಗಳು ಜೋತುಬೀಳುತ್ತವೆ, ಕಡೆಗೆ ಬುಡದಲ್ಲಿ ಗಟ್ಟಿಯಾದ ಅಣಬೆಯೊಂದು ಮೂಡುತ್ತದೆ. ಅದರ ಹೆಸರು ಗ್ಯಾನೊಡರ್ಮ. ಅದೇ ಕುಲಕ್ಕೆ ಸೇರಿದ ಅಣಬೆಯನ್ನು ಚೀನೀಯರು ಲಿಂಗ್‌ಜಿ ಎಂದೂ ಜಪಾನೀಯರು ರೇಶಿ ಎಂದೂ ಕರೆದು ಶತಮಾನಗಳಿಂದ ಔಷಧವಾಗಿ ಬಳಸಿದ್ದಾರೆ. ಇಂದು ಅದರ ಪುಡಿ, ಕ್ಯಾಪ್ಸೂಲು, ಕಾಫಿ ಎಲ್ಲವೂ ಸರಪಳಿ ಮಾರಾಟದ ಹಾದಿಯಲ್ಲಿ ನಮ್ಮ ನೆಂಟರಿಷ್ಟರ ಕೈಯಿಂದಲೇ ಮನೆ ಸೇರುತ್ತಿವೆ.

ಡಬ್ಬಿಯ ಮೇಲೆ ಅಣಬೆಯ ಚಿತ್ರವಿದ್ದ ಮಾತ್ರಕ್ಕೆ ಒಳಗೆ ಅದರ ಸತ್ವವಿರಬೇಕೆಂದಿಲ್ಲ. ಕೆಲವರು ಬಲಿತ ಅಣಬೆಯನ್ನೇ ಬಳಸುತ್ತಾರೆ. ಕೆಲವರು ಧಾನ್ಯದ ಮೇಲೆ ಅಣಬೆಯ ಬೂಷ್ಟನ್ನು ಬೆಳೆಸಿ ಧಾನ್ಯಸಮೇತ ಪುಡಿಮಾಡುತ್ತಾರೆ. ಎರಡನೆಯದರಲ್ಲಿ ಪಿಷ್ಟವೇ ಹೆಚ್ಚಿರಬಹುದು. ‘ಪಾಲಿಸ್ಯಾಕರೈಡ್ ಶೇ. 40’ ಎಂಬ ಬರಹಕ್ಕೂ ಮರುಳಾಗಬಾರದು, ಏಕೆಂದರೆ ಪಿಷ್ಟವೂ ಪಾಲಿಸ್ಯಾಕರೈಡೇ. ಕೇಳಬೇಕಾದದ್ದು ಬೀಟಾ ಗ್ಲೂಕನ್ ಎಷ್ಟು, ಟ್ರೈಟರ್ಪೀನ್ ಎಷ್ಟು ಎಂದು. ಮೊದಲನೆಯದು ಬಿಸಿನೀರಿನಲ್ಲಿ ಸಾರವಾಗಿ ಇಳಿಯುತ್ತದೆ. ಕಹಿಗೆ ಕಾರಣವಾದ ಎರಡನೆಯದಕ್ಕೆ ಆಲ್ಕೋಹಾಲು ಬೇಕು. ‘10:1 ಸಾರ’ ಎಂಬುದು ಎಷ್ಟು ಅಣಬೆ ಬಳಸಿದರೆಂದು ಹೇಳುತ್ತದೆಯೇ ಹೊರತು ಏನು ಉಳಿಯಿತೆಂದು ಹೇಳುವುದಿಲ್ಲ.

2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಕೊಂಡ 19 ರೇಶಿ ಉತ್ಪನ್ನಗಳನ್ನು ಪರೀಕ್ಷಿಸಲಾಯಿತು. ಚೀಟಿಯ ಮಾತಿಗೆ ಸರಿಹೊಂದಿದವು 5 ಮಾತ್ರ. ಕಟ್ಟುನಿಟ್ಟಿನ ದೇಶವೆನಿಸಿಕೊಂಡ ಕಡೆಯೇ ಈ ಸ್ಥಿತಿಯಾದರೆ, ಸಂತೆಯ ಡಬ್ಬಿಯನ್ನು ನಂಬುವುದು ಹೇಗೆ?

ಅಸಲಿ ಅಣಬೆಯೇ ಆದರೂ ಗುಣವೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಸಕ್ಕರೆ ಕಾಯಿಲೆಯವರಲ್ಲಿ ಹೃದ್ರೋಗಕ್ಕೆ ದಾರಿಮಾಡುವ ಅಂಶಗಳನ್ನು ತಗ್ಗಿಸಲು ಇದನ್ನು ಬಳಸುವುದಕ್ಕೆ ಆಧಾರವಿಲ್ಲವೆಂದು 2015ರ ಕಾಕ್ರೇನ್ ವಿಮರ್ಶೆ ಹೇಳಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಇದು ಅಪಾಯಕಾರಿಯೂ ಆಗಬಹುದು. ಕ್ಯಾನ್ಸರ್, ಮಧುಮೇಹ ವಾಸಿಯಾಗುತ್ತವೆಂದು ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಕೂಲಿಯ ಹಣ ಡಬ್ಬಿಗೆ ಹೋಗುವುದು ಒಂದು ನಷ್ಟ; ಅದನ್ನು ನಂಬಿ ಆಸ್ಪತ್ರೆಯ ಮಾತ್ರೆ ಬಿಡುವುದು ಪ್ರಾಣಕ್ಕೇ ಸಂಚಕಾರ.

ವಿದ್ಯಾರ್ಥಿ ಮಿತ್ರರು ಶಾಲೆಯ ಪ್ರಯೋಗಾಲಯದಲ್ಲಿ ಒಂದು ಕೆಲಸ ಮಾಡಬಹುದು. ಪುಡಿಯನ್ನು ನೀರಿನಲ್ಲಿ ಕುದಿಸಿ, ಆರಿಸಿ, ಒಂದು ತೊಟ್ಟು ಅಯೋಡಿನ್ ಬಿಡಿ. ಕಡುನೀಲಿಯಾದರೆ ಅಲ್ಲಿ ಪಿಷ್ಟವಿದೆ. ನೀಲಿಯಾಗದಿದ್ದ ಮಾತ್ರಕ್ಕೆ ಸತ್ವವಿದೆ ಎಂದರ್ಥವಲ್ಲ.

ಇನ್ನೊಂದು ಎಚ್ಚರಿಕೆ ಬೆಟ್ಟದೂರಿನವರಿಗೂ ತೋಟದವರಿಗೂ ಸಲ್ಲುತ್ತದೆ. ತೆಂಗಿನ ಬುಡದ್ದನ್ನೋ ಕಾಡಿನದನ್ನೋ ಕಿತ್ತು ಕಷಾಯ ಮಾಡಬೇಡಿ. ಕುಲ ಒಂದೇ ಆದರೂ ಜಾತಿ ಬೇರೆಯಿರಬಹುದು; ತೋಟದ ವಿಷೌಷಧವೂ ಬೆರೆತಿರಬಹುದು. ಅಣಬೆಗಳು ತಾವು ಬೆಳೆದ ನೆಲದ ಭಾರಲೋಹಗಳನ್ನು ಹೀರಿಕೊಳ್ಳುತ್ತವೆ.

1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ ಊರು ನಂಜನಗೂಡು. ಹಲ್ಲುಪುಡಿಯೊಂದಕ್ಕೆ ತನ್ನ ಹೆಸರನ್ನೇ ಕೊಟ್ಟ ಊರು. ಗಿಡಮೂಲಿಕೆಯ ಮದ್ದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮದ್ದೆಂದು ಮಾರುವವರು ಅದರೊಳಗೆ ಏನಿದೆ, ಎಷ್ಟಿದೆ, ಯಾರು ಪರೀಕ್ಷಿಸಿದರು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡಲಿ. ಕೊಡದವರು ನೆಂಟರೇ ಆಗಿದ್ದರೂ, ಕಾಫಿ ಕೊಟ್ಟು ಕಳುಹಿಸೋಣ. ಡಬ್ಬಿ ಮಾತ್ರ ಬೇಡ.